ಬೆಂಕಿಯಲ್ಲಿ ಬೆಂದವರೂ ಸರ್ಕಾರದ ಅಳತೆಗೋಲೂ

ಕೆಲವು ದಿನಗಳ ಕೆಳಗೆ ನಮ್ಮ ಕಾರ್ಯಾಲಯಕ್ಕೆ ವೃದ್ಧರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು. ಆಕೆಗೆ ಮೂವತ್ತು ವಯಸ್ಸು ಮೀರಿರಲಾರದು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿ ಕುಳಿತರು. ಎರಡು ವರ್ಷಗಳ ಹಿಂದೆ ಅಡಿಗೆಯ ಮನೆಯಲ್ಲಿ ಅನಿಲ ಸೋರಿ ಹತ್ತಿಕೊಂಡ ಬೆಂಕಿಯಲ್ಲಿ ಆಕೆಯ ಮುಖ, ಕತ್ತು, ಬಲಗೈ ಬೆಂದುಹೋದವು. ತಿಂಗಳುಗಟ್ಟಲೆ ಆಸ್ಪತ್ರೆಯ ವಾಸ, ಮೂರು ಬಾರಿ ಶಸ್ತ್ರಕ್ರಿಯೆ. ದೈವಕೃಪೆಯಿಂದ ಪ್ರಾಣ ಉಳಿಯಿತು. ಮೊದಲು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದವರು ಈಗ ಮನೆಯಿಂದ ಹೊರಕ್ಕೆ ಬರುವುದೇ ಅಪರೂಪ. ಅಂಗವೈಕಲ್ಯದ ಪ್ರಮಾಣಪತ್ರ ದೊರೆತರೆ ಮಾಸಾಶನವಾದರೂ ಬಂದೀತೆಂದು ತಂದೆಯವರು ಆಕೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ಗುಮಾಸ್ತರು ಕೇಳಿದ ಮೊದಲನೆಯ ಪ್ರಶ್ನೆ ಇದು:

“ಏನಮ್ಮಾ, ಆಸಿಡ್ಡೋ, ಬೆಂಕಿಯೋ?”

“ಬೆಂಕಿ, ಸ್ವಾಮಿ.”

“ಹಾಗಾದರೆ ಮುಖ ಲೆಕ್ಕಕ್ಕೆ ಬರುವುದಿಲ್ಲ. ಕೈ ಎಷ್ಟು ಮಡಿಚುತ್ತದೆಂದು ವೈದ್ಯರು ನೋಡುತ್ತಾರೆ, ಕೂತಿರಿ.”

ಕೈಯನ್ನು ಅಳೆದರು. ನೂರಕ್ಕೆ 28 ಎಂದು ಬರೆದುಕೊಟ್ಟರು. ಸರ್ಕಾರದ ಸೌಲಭ್ಯಗಳ ಬಾಗಿಲು ತೆರೆಯುವುದು ನೂರಕ್ಕೆ 40ರಲ್ಲಿ. ವೃದ್ಧರು ಆ ಕಾಗದವನ್ನು ನಮ್ಮ ಮೇಜಿನ ಮೇಲಿಟ್ಟು, “ಸ್ವಾಮಿ, ನನ್ನ ಮಗಳ ಮುಖ ಎಲ್ಲಿ ಹೋಯಿತು ಈ ಲೆಕ್ಕದಲ್ಲಿ?” ಎಂದು ಕೇಳಿದರು. ನಾವು ಉತ್ತರ ಹೇಳಲಾರದೆ ಹೋದೆವು. ಆ ಗುಮಾಸ್ತರನ್ನಾಗಲಿ ವೈದ್ಯರನ್ನಾಗಲಿ ನಾವು ದೂರತಕ್ಕದ್ದಲ್ಲ. ಅವರು ಕಾಯಿದೆ ಹೇಳಿದಂತೆ ನಡೆದರು. ಕಾಯಿದೆ ಏನು ಹೇಳುತ್ತದೆ, ಹಾಗೇಕೆ ಹೇಳುತ್ತದೆ, ಅದು ನ್ಯಾಯವೇ ಎಂಬುದೇ ಇಂದಿನ ಲೇಖನದ ವಿಷಯ.

ಗಾಯ ಮಾಗಿದ ಮೇಲೆ

ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಮಧ್ಯಮ ಅಥವಾ ತೀವ್ರವಾದ ಸುಟ್ಟಗಾಯಗಳಿಗೆ ತುತ್ತಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದಾರೆ. ಇವರು ಯಾರು? ಒಲೆಯ ಮುಂದೆ ನಿಂತ ಗೃಹಿಣಿ, ಕುದಿಯುವ ಸಾರಿನ ಪಾತ್ರೆಯನ್ನು ಎಳೆದುಕೊಂಡ ಮಗು, ವಿದ್ಯುತ್ತಿನ ತಂತಿ ತಗುಲಿದ ಲೈನ್‌ಮನ್, ಮದುವೆಯ ಮನೆಯ ಅಡಿಗೆಭಟ್ಟರು, ಪಟಾಕಿಯ ಅಂಗಡಿಯ ಆಳು. ಒಮ್ಮೊಮ್ಮೆ ಊರಿಗೆ ಊರೇ ಮರೆಯಲಾರದ ಅನಾಹುತವೂ ನಡೆಯುವುದುಂಟು. 1981ನೆಯ ಇಸವಿ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹತ್ತಿ ಉರಿದು ತೊಂಬತ್ತಕ್ಕೂ ಹೆಚ್ಚು ಜನರು, ಅವರಲ್ಲಿ ಬಹುಪಾಲು ಎಳೆಯ ಮಕ್ಕಳು, ಮಡಿದರೆಂಬುದು ಹಿರಿಯ ವಾಚಕರ ನೆನಪಿನಲ್ಲಿ ಇನ್ನೂ ಇದ್ದೀತು. ಸತ್ತವರ ಸಂಖ್ಯೆಯನ್ನು ನಾವೆಲ್ಲರೂ ಎಣಿಸಿದೆವು. ಬದುಕಿ ಉಳಿದವರು ಆ ಮೇಲೆ ಹೇಗೆ ಬದುಕಿದರೆಂದು ವಿಚಾರಿಸಿದವರು ಕಡಿಮೆ.

ಬೆಂಕಿಯ ಗಾಯಕ್ಕೂ ಇತರ ಗಾಯಗಳಿಗೂ ಒಂದು ಮುಖ್ಯವಾದ ಭೇದವಿದೆ. ಮುರಿದ ಮೂಳೆ ಕೂಡಿಕೊಂಡರೆ ಬಾಧೆ ಬಹುಮಟ್ಟಿಗೆ ತೀರಿತು. ಬೆಂದ ಚರ್ಮವಾದರೋ ಮಾಗಿದ ಮೇಲೆಯೇ ತನ್ನ ಕಾಟವನ್ನು ಆರಂಭಿಸುತ್ತದೆ. ಹೊಸದಾಗಿ ಕಟ್ಟಿದ ಕಲೆಯ ಚರ್ಮವು ಗಟ್ಟಿಯಾಗಿ, ದಪ್ಪವಾಗಿ, ತಿಂಗಳುಗಟ್ಟಲೆ ಒಳಕ್ಕೆ ಎಳೆದುಕೊಳ್ಳುತ್ತ ಹೋಗುತ್ತದೆ. ಕತ್ತಿನಲ್ಲಿ ಬೆಂದಿದ್ದರೆ ಗದ್ದವನ್ನು ಎದೆಗೆ ಎಳೆದು ಕಟ್ಟುತ್ತದೆ. ಕಂಕುಳಲ್ಲಾದರೆ ತೋಳು ಮೇಲೇಳದು. ಬೆರಳುಗಳಲ್ಲಾದರೆ ಮುಷ್ಟಿಯಂತೆ ಮುದುಡಿ ನಿಲ್ಲುತ್ತವೆ. ರೆಪ್ಪೆಯ ಮೇಲಾದರೆ ಕಣ್ಣು ಮುಚ್ಚದೆ, ಒಣಗಿ, ದೃಷ್ಟಿಗೇ ಮೋಸ ಬರುತ್ತದೆ. ಎಳೆಯ ಮಕ್ಕಳಲ್ಲಿ ಮೈ ಬೆಳೆದರೂ ಕಲೆಯ ಚರ್ಮ ಅದರೊಡನೆ ಬೆಳೆಯಲಾರದಾದ್ದರಿಂದ ಮತ್ತೆ ಮತ್ತೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ಆಳವಾಗಿ ಬೆಂದ ಚರ್ಮದಲ್ಲಿ ಬೆವರಿನ ಗ್ರಂಥಿಗಳು ನಾಶವಾಗಿರುವುದರಿಂದ ಬಿಸಿಲಿನಲ್ಲಿ ಮೈ ತಣಿಯುವುದಿಲ್ಲ. ಹೊಲದಲ್ಲಾಗಲಿ ಕುಲುಮೆಯ ಮುಂದಾಗಲಿ ಅಂಥವರು ದುಡಿಯಲಾರರು. ನವೆ ರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಇವೆಲ್ಲದರ ಮೇಲೆ ಮುಖ ವಿಕಾರವಾದವರಿಗೆ ಜನರ ದೃಷ್ಟಿಯ ಬಾಧೆ. ಅಂಗಡಿಯ ಧಣಿ ಕೆಲಸ ಕೊಡುವುದಿಲ್ಲ, ಮನೆಯ ಯಜಮಾನ ಬಾಡಿಗೆಗೆ ಕೊಡುವುದಿಲ್ಲ, ಬಸ್ಸಿನಲ್ಲಿ ಪಕ್ಕದವರು ಎದ್ದುಹೋಗುತ್ತಾರೆ. ಇದು ವೈಕಲ್ಯವಲ್ಲದಿದ್ದರೆ ಬೇರೆ ಯಾವುದು ವೈಕಲ್ಯ?

ಕಾಯಿದೆಯ ಮಾತು

1995ರ ಅಂಗವಿಕಲರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಅಂಗೀಕರಿಸಿತ್ತು. ಅದರಲ್ಲಿ ಬೆಂದವರ ಹೆಸರೇ ಇರಲಿಲ್ಲ. ಆಸಿಡ್ ದಾಳಿಯ ಘೋರಕೃತ್ಯಗಳು ಹೆಚ್ಚಿ, ಬೆಂದ ಹೆಣ್ಣುಮಕ್ಕಳೇ ಧೈರ್ಯ ತಾಳಿ ನ್ಯಾಯಾಸ್ಥಾನದ ಮೆಟ್ಟಿಲೇರಿದ್ದರಿಂದ ದೇಶದ ಕಣ್ಣು ತೆರೆಯಿತು. 2013ರ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಆಸಿಡ್ಡಿನ ಮಾರಾಟಕ್ಕೆ ಕಡಿವಾಣ ಹಾಕಿ, ದಾಳಿಗೆ ತುತ್ತಾದವರಿಗೆ ಕನಿಷ್ಠ 3 ಲಕ್ಷ ರೂಪಾಯಿಗಳ ಪರಿಹಾರ ಕೊಡಬೇಕೆಂದು ವಿಧಿಸಿತು. 2015ರ ಡಿಸೆಂಬರಿನಲ್ಲಿ ಅಂಥವರನ್ನು ಅಂಗವಿಕಲರ ಪಟ್ಟಿಗೆ ಸೇರಿಸುವುದನ್ನು ಪರಿಶೀಲಿಸಬೇಕೆಂದು ಎಲ್ಲ ರಾಜ್ಯಗಳಿಗೂ ನಿರ್ದೇಶಿಸಿತು. ಮರುವರ್ಷ ಪಾರ್ಲಿಮೆಂಟು ಅಂಗೀಕರಿಸಿದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಏಳು ವೈಕಲ್ಯಗಳು ಇಪ್ಪತ್ತೊಂದಾದವು. ಆಸಿಡ್ ದಾಳಿಗೆ ತುತ್ತಾದವರು ಅದರಲ್ಲಿ ಸೇರಿದರು. ಸರ್ಕಾರಿ ಉದ್ಯೋಗಗಳಲ್ಲಿ ಅಂಗವಿಕಲರಿಗೆ ಮೀಸಲಾದ ನೂರಕ್ಕೆ 4ರಲ್ಲಿಯೂ ಅವರಿಗೆ ಪಾಲುಂಟಾಯಿತು. ಇದು ನಿಸ್ಸಂದೇಹವಾಗಿ ಸ್ತುತ್ಯವಾದ ಕಾರ್ಯ. ಆ ಸೋದರಿಯರಿಗೆ ದೊರೆತ ಒಂದು ಕಾಸನ್ನಾದರೂ ನಾವು ಹೆಚ್ಚೆನ್ನುವುದಿಲ್ಲ.

ಆದರೆ ಕಾಯಿದೆಯ ಅನುಸೂಚಿಯಲ್ಲಿರುವ ವ್ಯಾಖ್ಯೆಯನ್ನು ವಾಚಕರು ಗಮನವಿಟ್ಟು ನೋಡಬೇಕು. ಆಸಿಡ್ ಅಥವಾ ಅದರಂತೆ ಕೊರೆಯುವ ವಸ್ತುವನ್ನು ಎರಚಿ ಮಾಡಿದ ಹಿಂಸಾತ್ಮಕ ದಾಳಿಯಿಂದ ವಿರೂಪಗೊಂಡವರು ಎಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಷರತ್ತುಗಳಿವೆ. ಸುಟ್ಟದ್ದು ಕೊರೆಯುವ ವಸ್ತುವಾಗಿರಬೇಕು. ಸುಟ್ಟವನು ಬೇಕೆಂದೇ ಸುಟ್ಟಿರಬೇಕು. ಪರಿಣಾಮವೇನಾಯಿತು? ಕಾರ್ಖಾನೆಯಲ್ಲಿ ಆಸಿಡ್ಡಿನ ಪೀಪಾಯಿ ಒಡೆದು ಮುಖ ಕಳೆದುಕೊಂಡ ಕೂಲಿಯವನು ಈ ವ್ಯಾಖ್ಯೆಗೆ ಹೊರಗು. ಏಕೆಂದರೆ ಅವನ ಮೇಲೆ ಯಾರೂ ದಾಳಿ ಮಾಡಲಿಲ್ಲ. ಗಂಡನೇ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ್ದರೂ ಆ ಹೆಂಗಸು ಹೊರಗು; ಏಕೆಂದರೆ ಸೀಮೆಎಣ್ಣೆ ಆಸಿಡ್ಡಲ್ಲ. ನಮ್ಮ ಕಾರ್ಯಾಲಯಕ್ಕೆ ಬಂದ ಆ ತಾಯಿಯಂತೂ ಎರಡು ಷರತ್ತುಗಳಿಗೂ ಹೊರಗು. ದೇಶದಲ್ಲಿ ದಾಖಲಾಗುವ ಆಸಿಡ್ ದಾಳಿಗಳು ವರ್ಷಕ್ಕೆ ನೂರರ ಲೆಕ್ಕದಲ್ಲಿವೆ. ಬೆಂಕಿಯಲ್ಲಿ ಬೇಯುವವರು ಲಕ್ಷಗಳ ಲೆಕ್ಕದಲ್ಲಿದ್ದಾರೆ. ಕಾಯಿದೆಯು ನೂರನ್ನು ಕಂಡು ಲಕ್ಷವನ್ನು ಕಾಣದೆ ಹೋಯಿತು.

ತೆರೆದಿರುವ ಬಾಗಿಲು

ಹಾಗಾದರೆ ಬೆಂಕಿಯಲ್ಲಿ ಬೆಂದವರಿಗೆ ಸರ್ಕಾರದ ಸೌಲಭ್ಯಕ್ಕೆ ದಾರಿಯೇ ಇಲ್ಲವೇ? ಇದೆ, ಆದರೆ ಅದು ಹಿತ್ತಲ ಬಾಗಿಲು. ಬೆಂದದ್ದಕ್ಕಾಗಿ ಅಲ್ಲ, ಬೆಂದದ್ದರಿಂದ ಕೀಲು ಮಡಿಚದೆ ಹೋದದ್ದಕ್ಕಾಗಿ, ಬೆರಳು ಕಳೆದುಹೋದದ್ದಕ್ಕಾಗಿ, ಕಣ್ಣು ಕಾಣದೆ ಹೋದದ್ದಕ್ಕಾಗಿ, ಕಿವಿ ಕೇಳದೆ ಹೋದದ್ದಕ್ಕಾಗಿ ಅವರು ಪ್ರಮಾಣಪತ್ರವನ್ನು ಪಡೆಯಬಹುದು. ಈ ದಾರಿಯನ್ನು ಸರಿಯಾಗಿ ತಿಳಿಯದೆ ಎಷ್ಟೋ ಮಂದಿ ಬರಿಗೈಯಲ್ಲಿ ಹಿಂದಿರುಗುತ್ತಿರುವುದರಿಂದ ಅದನ್ನು ಇಲ್ಲಿ ವಿವರಿಸುವುದು ಉಚಿತವೆಂದು ಭಾವಿಸುತ್ತೇವೆ.

ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದ ಮೂಲಕ ಸಲ್ಲಿಸತಕ್ಕದ್ದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ಸಹಾಯ ಮಾಡುತ್ತಾರೆ. ಗುರುತಿನ ಚೀಟಿ, ಭಾವಚಿತ್ರಗಳೊಡನೆ ಚಿಕಿತ್ಸೆಯ ಕಾಗದಗಳನ್ನೆಲ್ಲ ಜೋಡಿಸಿಟ್ಟುಕೊಳ್ಳಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ, ಶಸ್ತ್ರಕ್ರಿಯೆಯ ವಿವರ, ಗಾಯದ ಹಳೆಯ ಚಿತ್ರಗಳು, ಇವುಗಳನ್ನು ಬೇಡವೆಂದು ಬಿಸಾಡುವವರೇ ಹೆಚ್ಚು. ಅನಂತರ ಪಶ್ಚಾತ್ತಾಪ ಪಡುವವರೂ ಅವರೇ.

ವೈದ್ಯರ ಮುಂದೆ ಯಾವಾಗ ಹೋಗಬೇಕೆಂಬುದೂ ಮುಖ್ಯ. ಕಲೆಯ ಚರ್ಮವು ಒಂದು ಸ್ಥಿತಿಗೆ ಬಂದು ನಿಲ್ಲಲು ಸಾಮಾನ್ಯವಾಗಿ ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ತೀರ ಮೊದಲೇ ಹೋದರೆ ವೈಕಲ್ಯವು ಶಾಶ್ವತವೋ ತಾತ್ಕಾಲಿಕವೋ ಹೇಳಲಾಗದು. ಹಾಗೆಂದು ವರ್ಷಾನುಗಟ್ಟಲೆ ಸುಮ್ಮನೆ ಕೂರುವುದೂ ತಪ್ಪು. ಸ್ಥಿತಿ ಬದಲಾಗುವ ಸಂಭವವಿದ್ದಲ್ಲಿ ಇಂತಿಷ್ಟು ಕಾಲಕ್ಕೆಂದು ಪ್ರಮಾಣಪತ್ರವನ್ನು ಕೊಡಲು ನಿಯಮಗಳಲ್ಲಿ ಅವಕಾಶವುಂಟು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಬೆಂದ ಪ್ರತಿಯೊಂದು ಭಾಗವನ್ನೂ ಪ್ರತ್ಯೇಕವಾಗಿ ಅಳೆಯಿಸಬೇಕು. ವೈದ್ಯರು ಒಂದೊಂದು ಕೀಲು ಎಷ್ಟು ಮಡಿಚುತ್ತದೆ, ಸ್ನಾಯುವಿನ ಬಲವೆಷ್ಟು, ಕೈಯಿಂದ ಉಣ್ಣುವುದು, ಗುಂಡಿ ಹಾಕುವುದು ಮುಂತಾದ ಕೆಲಸಗಳು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದನ್ನು ನೋಡಿ ಅಂಕ ಕೊಡುತ್ತಾರೆ. ಎರಡು ಭಾಗಗಳ ಅಂಕಗಳನ್ನು ನೇರವಾಗಿ ಕೂಡಿಸದೆ ಒಂದು ಸೂತ್ರದಂತೆ ಜೋಡಿಸುತ್ತಾರೆ. ಒಂದು ಭಾಗದಲ್ಲಿ 30, ಇನ್ನೊಂದರಲ್ಲಿ 20 ಬಂದಲ್ಲಿ ಒಟ್ಟು 50 ಆಗುವುದಿಲ್ಲ. ಆದರೂ 40ನ್ನು ದಾಟುತ್ತದೆ. ಅಂದರೆ ಕೈಯೊಂದನ್ನೇ ತೋರಿಸಿ, ಮಡಿಚದ ಮೊಣಕಾಲನ್ನು ಸೀರೆಯೊಳಗೆ ಮುಚ್ಚಿಟ್ಟುಕೊಂಡು ಬಂದ ಹೆಂಗಸು ತನ್ನ ಹಕ್ಕನ್ನು ತಾನೇ ಬಿಟ್ಟುಬಂದಂತಾಗುತ್ತದೆ. ಲಜ್ಜೆಯಿಂದ ಹೀಗಾಗುವುದು ಬಹಳ. ಸ್ತ್ರೀಯರನ್ನು ಪರೀಕ್ಷಿಸುವಾಗ ಸ್ತ್ರೀವೈದ್ಯರೋ ದಾದಿಯರೋ ಇರುವಂತೆ ಆಸ್ಪತ್ರೆಯವರು ನೋಡಿಕೊಳ್ಳಬೇಕು. ಕಣ್ಣಿಗೆ ಬಾಧೆಯಾಗಿದ್ದಲ್ಲಿ ನೇತ್ರವೈದ್ಯರ ಅಭಿಪ್ರಾಯವನ್ನು ಕೇಳಿ ಪಡೆಯಬೇಕು.

ಪ್ರಮಾಣಪತ್ರವನ್ನು ನಿರಾಕರಿಸಿದರೆ ಅದನ್ನು ಬರಹದಲ್ಲಿಯೇ ತಿಳಿಸತಕ್ಕದ್ದೆಂದು ಕಾಯಿದೆಯ 58ನೆಯ ಪ್ರಕರಣ ಹೇಳುತ್ತದೆ. ಬಾಯಿಮಾತಿನ “ಆಗೋದಿಲ್ಲ, ಹೋಗಿ” ಎಂಬುದಕ್ಕೆ ಬೆಲೆಯಿಲ್ಲ. ತೀರ್ಮಾನವು ಸರಿಕಾಣದಿದ್ದರೆ 59ನೆಯ ಪ್ರಕರಣದಂತೆ ಮೇಲ್ಮನವಿಗೂ ಹಕ್ಕುಂಟು. ದೊರೆತ ಪ್ರಮಾಣಪತ್ರವು ದೇಶದಲ್ಲೆಲ್ಲ ಚಲಾವಣೆಯಾಗುತ್ತದೆ.

ಇಷ್ಟಾಗಿಯೂ ದೊರೆಯುವುದೇನು? ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಮಾಸಾಶನಕ್ಕೆ ನೂರಕ್ಕೆ 80ರಷ್ಟು ವೈಕಲ್ಯವಿರಬೇಕು, ಕುಟುಂಬವು ಬಡತನದ ರೇಖೆಯ ಕೆಳಗಿರಬೇಕು. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ಸರ್ಕಾರವು 40ನ್ನು ದಾಟಿದವರಿಗೆ ತನ್ನ ಬೊಕ್ಕಸದಿಂದ ಮಾಸಾಶನ ಕೊಡುತ್ತದೆ. ಇದೇ ರಾಜ್ಯ ಸರ್ಕಾರವು 2022–23ರ ಆಯವ್ಯಯದಲ್ಲಿ ಆಸಿಡ್ ದಾಳಿಗೆ ತುತ್ತಾದ ಸ್ತ್ರೀಯರ ಮಾಸಾಶನವನ್ನು 3,000 ರೂಪಾಯಿಗಳಿಂದ 10,000ಕ್ಕೆ ಏರಿಸಿತು. ಒಳ್ಳೆಯದಾಯಿತು. ಆದರೆ ಅದೇ ಬೀದಿಯಲ್ಲಿ ಬೆಂಕಿಯಿಂದ ಅದೇ ರೀತಿ ಬೆಂದವಳಿಗೆ ಏನೂ ಇಲ್ಲದಿರುವುದನ್ನು ಯಾವ ಧರ್ಮಶಾಸ್ತ್ರದಿಂದ ಸಮರ್ಥಿಸೋಣ?

ಒಂದೇ ಸರ್ಕಾರ, ಮೂರು ಅಳತೆ

ಮುಖವನ್ನು ಅಳೆಯುವುದು ಸಾಧ್ಯವಿಲ್ಲ, ಅದು ದುಡಿಮೆಗೆ ಸಂಬಂಧಪಟ್ಟದ್ದಲ್ಲ ಎಂದು ಯಾರಾದರೂ ಅಧಿಕಾರಿಗಳು ಹೇಳುವುದಾದರೆ, ಸರ್ಕಾರದ ಬೇರೆ ಕಾಯಿದೆಗಳನ್ನೇ ಅವರ ಮುಂದೆ ಇಡುತ್ತೇವೆ.

1923ರಲ್ಲಿ ಹುಟ್ಟಿದ ಕಾರ್ಮಿಕರ ಪರಿಹಾರದ ಕಾಯಿದೆಗೆ ಒಂದು ಅನುಸೂಚಿ ಇತ್ತು. ಯಾವ ಯಾವ ಗಾಯದಿಂದ ದುಡಿಯುವ ಶಕ್ತಿ ಪೂರ್ತಿಯಾಗಿ ನಷ್ಟವಾಯಿತೆಂದು ಭಾವಿಸತಕ್ಕದ್ದು ಎಂಬ ಪಟ್ಟಿಯಲ್ಲಿ ಎರಡೂ ಕೈ ಹೋಗುವುದು, ಎರಡೂ ಕಣ್ಣು ಹೋಗುವುದು ಇವುಗಳ ಸಾಲಿನಲ್ಲಿಯೇ ಮುಖವು ಅತ್ಯಂತ ತೀವ್ರವಾಗಿ ವಿರೂಪವಾಗುವುದನ್ನೂ ಹೇಳಿ, ಅದಕ್ಕೆ ನೂರಕ್ಕೆ ನೂರು ಎಂದು ಬರೆದಿತ್ತು. 1948ರ ರಾಜ್ಯ ವಿಮಾ ಕಾಯಿದೆಯ ಅನುಸೂಚಿಯಲ್ಲಿಯೂ ಅದೇ ಮಾತಿತ್ತು. ಈ ಎರಡರ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ಸಾಲನ್ನು ಉಳಿಸಿಕೊಂಡಿದೆ. ಅಲ್ಲಿ ಆಸಿಡ್ಡೋ ಬೆಂಕಿಯೋ ಕುದಿಯುವ ನೀರೋ ಎಂದು ಯಾರೂ ಕೇಳುವುದಿಲ್ಲ. ಕೆಲಸದ ನಿಮಿತ್ತ ಆದ ಗಾಯವೇ ಎಂಬುದಷ್ಟೇ ಪ್ರಶ್ನೆ. ನಮ್ಮಲ್ಲಿಗೆ ಬಂದ ಆ ತಾಯಿಯ ಮುಖವು ಹೊಲಿಗೆಯ ಕಾರ್ಖಾನೆಯಲ್ಲಿ ಬೆಂದಿದ್ದರೆ ನೂರಕ್ಕೆ ನೂರರವರೆಗೂ ಲೆಕ್ಕಕ್ಕೆ ಬರಬಹುದಾಗಿದ್ದ ಗಾಯ, ಅಡಿಗೆಯ ಮನೆಯಲ್ಲಿ ಬೆಂದದ್ದರಿಂದ ಸೊನ್ನೆಯಾಯಿತು. ಇಲ್ಲಿ ಕಾರ್ಖಾನೆಯವರಿಗೆ ಒಂದು ಮಾತು: ಗಾಯವಾದ ದಿನವೇ ಅಪಘಾತದ ಪುಸ್ತಕದಲ್ಲಿ ದಾಖಲೆಯಾಗುವಂತೆ ನೋಡಿಕೊಳ್ಳಿರಿ. ಕಾರ್ಮಿಕರಿಗೂ ಅದೇ ಮಾತು. ಆ ದಾಖಲೆಯೇ ಮುಂದಿನ ಆಧಾರ.

ಇನ್ನೊಂದು ಅಳತೆ ಅಪರಾಧಗಳಿಗೆ ತುತ್ತಾದ ಸ್ತ್ರೀಯರ ಪರಿಹಾರದ್ದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದವರು ರಚಿಸಿ 2018ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ಯೋಜನೆಯಲ್ಲಿ, ಸುಡಲ್ಪಟ್ಟು ಮುಖ ವಿರೂಪವಾದವರಿಗೆ 7ರಿಂದ 8 ಲಕ್ಷ ರೂಪಾಯಿ. ಆಸಿಡ್ಡಿನಿಂದ ಮುಖ ವಿರೂಪವಾದವರಿಗೂ 7ರಿಂದ 8 ಲಕ್ಷ ರೂಪಾಯಿ. ಇಲ್ಲಿ ಬೆಂಕಿಯೂ ಆಸಿಡ್ಡೂ ಸಮಾನ. ಇಂಥ ದೌರ್ಜನ್ಯಕ್ಕೆ ಗುರಿಯಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿಕೊಳ್ಳತಕ್ಕದ್ದು.

ಹೀಗೆ ಒಂದೇ ಸರ್ಕಾರದ ಕೈಯಲ್ಲಿ ಮೂರು ಅಳತೆಗೋಲುಗಳಿವೆ. ಕಾರ್ಮಿಕರ ಕಾಯಿದೆ ಮುಖವನ್ನು ಕಾಣುತ್ತದೆ. ಪರಿಹಾರದ ಯೋಜನೆ ಮುಖವನ್ನು ಕಾಣುತ್ತದೆ. ಜೀವಮಾನವೆಲ್ಲ ಆಸರೆಯಾಗಬೇಕಾದ ಅಂಗವಿಕಲರ ಕಾಯಿದೆ ಮಾತ್ರ ಬೆಂಕಿಯಲ್ಲಿ ಬೆಂದ ಮುಖದ ಎದುರಿಗೆ ಕಣ್ಣು ಮುಚ್ಚಿಕೊಳ್ಳುತ್ತದೆ.

ಆಕ್ಷೇಪಗಳು

ಆಸಿಡ್ ದಾಳಿ ಘೋರ ಅಪರಾಧ, ಆದ್ದರಿಂದ ಅದಕ್ಕೆ ವಿಶೇಷ ಸ್ಥಾನ ಎಂದು ಕೆಲವರು ವಾದಿಸುತ್ತಾರೆ. ಅಪರಾಧದ ಘೋರತೆಯನ್ನು ಅಳೆಯುವುದು ದಂಡಸಂಹಿತೆಯ ಕೆಲಸ. ಅದರಲ್ಲಿ ಆಸಿಡ್ ದಾಳಿಗೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಿದೆ, ಇರಲಿ. ಅಂಗವಿಕಲರ ಕಾಯಿದೆಯ ಕೆಲಸವು ಸುಟ್ಟವನ ಪಾಪವನ್ನು ಅಳೆಯುವುದಲ್ಲ, ಸುಟ್ಟವರ ಬಾಳನ್ನು ಅಳೆಯುವುದು.

ಬೊಕ್ಕಸಕ್ಕೆ ಹೊರೆಯಾದೀತೆಂಬುದು ಇನ್ನೊಂದು ಆಕ್ಷೇಪ. ಬೆಂದವರೆಲ್ಲರೂ ಅಂಗವಿಕಲರಾಗುವುದಿಲ್ಲ; ಬಹುಮಂದಿಯ ಗಾಯ ಮಾಗುತ್ತದೆ. 40ರ ಎಲ್ಲೆ ಹೇಗೂ ಇದ್ದೇ ಇದೆ. ಮುಖದ ಒಂದೊಂದು ಭಾಗಕ್ಕೆ ಅಂಕ ಕೊಡುವ ಕ್ರಮವನ್ನು ಆಸಿಡ್ಡಿನಲ್ಲಿ ಬೆಂದವರಿಗಾಗಿ 2018ರಲ್ಲಿಯೇ ಪ್ರಕಟಿಸಿದ್ದಾರೆ. ಅದೇ ಕ್ರಮವನ್ನು ಬೆಂಕಿಯಲ್ಲಿ ಬೆಂದವರಿಗೂ ಅನ್ವಯಿಸಿದರೆ ಸಾಕು. ಹೊಸ ವಿದ್ಯೆಯೇನೂ ಬೇಡ.

ವಿರೂಪವು ಕೇವಲ ನೋಟದ ವಿಷಯ, ದೈನಂದಿನ ವ್ಯವಹಾರಕ್ಕೆ ಅಡ್ಡಿಯಲ್ಲ ಎಂಬವರಿಗೆ 2025ರ ಏಪ್ರಿಲ್ 30ರ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಓದಲು ಹೇಳುತ್ತೇವೆ. ಬ್ಯಾಂಕಿನ ಖಾತೆಗಾಗಿ ಯಂತ್ರದ ಮುಂದೆ ಕಣ್ಣು ಮಿಟುಕಿಸಬೇಕೆಂದು ಹೇಳಿದಾಗ, ಆಸಿಡ್ಡಿನಿಂದ ರೆಪ್ಪೆಗಳನ್ನು ಕಳೆದುಕೊಂಡ ಮಹಿಳೆಯೊಬ್ಬರಿಗೆ ಅದು ಸಾಧ್ಯವಾಗಲಿಲ್ಲ. ನ್ಯಾಯಾಲಯವು ಇಂಥವರಿಗೂ ಅನುಕೂಲವಾಗುವಂತೆ ಗುರುತು ಹಿಡಿಯುವ ಕ್ರಮವನ್ನು ತಿದ್ದಬೇಕೆಂದು ಇಪ್ಪತ್ತು ನಿರ್ದೇಶಗಳನ್ನು ಕೊಟ್ಟು, ಇದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಸಾರಿತು. ಬೆಂಕಿಯಲ್ಲಿ ರೆಪ್ಪೆ ಕಳೆದುಕೊಂಡವರೂ ಆ ಯಂತ್ರದ ಮುಂದೆ ಹಾಗೆಯೇ ಸೋಲುತ್ತಾರೆ.

ಆಗಬೇಕಾದದ್ದು

ಇದನ್ನು ಸರಿಪಡಿಸಲು ಹೊಸ ಕಾಯಿದೆ ಬೇಕಿಲ್ಲ. ಪಾರ್ಲಿಮೆಂಟಿನ ಅಧಿವೇಶನಕ್ಕೂ ಕಾಯಬೇಕಿಲ್ಲ. 2016ರ ಕಾಯಿದೆಯ 99ನೆಯ ಪ್ರಕರಣವು, ಅವಶ್ಯವೆಂದು ಕಂಡಲ್ಲಿ ಕೇಂದ್ರ ಸರ್ಕಾರವು ಒಂದು ಅಧಿಸೂಚನೆಯ ಮೂಲಕವೇ ಅನುಸೂಚಿಯನ್ನು ತಿದ್ದಬಹುದೆಂದು ಹೇಳುತ್ತದೆ. ರಾಜ್ಯ ಸರ್ಕಾರದ ಶಿಫಾರಸಿನ ಮೇಲೆಯೂ ಹಾಗೆ ಮಾಡಬಹುದು. ಆಸಿಡ್ ದಾಳಿಗೆ ತುತ್ತಾದವರು ಎಂಬಲ್ಲಿ, ಯಾವ ಕಾರಣದಿಂದಲೇ ಆಗಲಿ ತೀವ್ರವಾಗಿ ಬೆಂದು ವಿರೂಪಗೊಂಡವರು ಎಂದು ಸೇರಿಸಿದರಾಯಿತು. ಗೆಜೆಟ್ಟಿನಲ್ಲಿ ಒಂದು ಸಾಲು. ನಮ್ಮ ರಾಜ್ಯ ಸರ್ಕಾರವು ಈ ಶಿಫಾರಸನ್ನು ಕೂಡಲೆ ಮಾಡಬೇಕು. ಅದು ಬರುವವರೆಗೆ, ಆಸಿಡ್ಡಿನಲ್ಲಿ ಬೆಂದವರಿಗೆ ಕೊಡುತ್ತಿರುವ ಆಸರೆಯನ್ನು ತನ್ನ ಅಧಿಕಾರದಲ್ಲಿರುವಷ್ಟರ ಮಟ್ಟಿಗೆ ಬೆಂಕಿಯಲ್ಲಿ ಬೆಂದವರಿಗೂ ವಿಸ್ತರಿಸಬೇಕು. ನಮ್ಮ ಜಿಲ್ಲೆಯ ಶಾಸಕರೂ ಸಂಸದರೂ ಈ ವಿಷಯದಲ್ಲಿ ತಮ್ಮ ಬಾಯಿ ಬಿಡುವರೆಂದು ಆಶಿಸುತ್ತೇವೆ.

ನಮ್ಮ ವಾಚಕರಲ್ಲಿ ವೈದ್ಯರಿದ್ದಾರೆ, ತಾಲ್ಲೂಕು ಕಚೇರಿಯ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ. ಕಾಯಿದೆ ತಿದ್ದುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಬೆಂದವರು ಎದುರಿಗೆ ಬಂದಾಗ ಕೈಯೊಂದನ್ನೇ ಅಳೆದು ಕಳುಹಿಸದೆ ಕತ್ತು, ಕಂಕುಳು, ಮೊಣಕಾಲು, ಕಣ್ಣು, ಕಿವಿ ಎಲ್ಲವನ್ನೂ ಅಳೆಯಿರಿ; ಅರ್ಜಿ ಬರೆಯಲು ತಿಳಿಯದವರಿಗೆ ಬರೆದುಕೊಡಿರಿ.

ಆ ವೃದ್ಧರೂ ಅವರ ಮಗಳೂ ಮೇಲ್ಮನವಿಯ ಕಾಗದವನ್ನು ನಮ್ಮಲ್ಲಿಯೇ ಬರೆಯಿಸಿಕೊಂಡು ಹೋದರು. ಮೊದಲ ಬಾರಿಗೆ ಆಕೆಯ ಕತ್ತನ್ನು ಯಾರೂ ಅಳೆದಿರಲಿಲ್ಲವೆಂಬುದು ಆಗ ತಿಳಿದುಬಂದಿತು. ಈ ಸಲ ಅದನ್ನು ಅಳೆದರೆ 40 ದಾಟಬಹುದು, ದಾಟದೆಯೂ ಇರಬಹುದು. ಆದರೆ ಕತ್ತಿನ ಮೇಲಿರುವ ಮುಖವನ್ನು ನೋಡಲು ಅಪ್ಪಣೆ ಕೊಡುವ ಸಾಲು ಅನುಸೂಚಿಯಲ್ಲಿ ಇನ್ನೂ ಬರೆಯಲ್ಪಟ್ಟಿಲ್ಲ. ಅದನ್ನು ಬರೆಯತಕ್ಕವರು ದೆಹಲಿಯಲ್ಲಿದ್ದಾರೆ. ಬರೆಯಿರೆಂದು ಕೇಳತಕ್ಕವರು ನಾವು.